ಚೊಗರಿನ ಕೆಳಗಿನ ಹಸಿರು

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿರುವ ನನ್ನ ಮರಗೆಲಸದ ಅಂಗಡಿಗೆ ಹೊಸಬರು ಬಂದರೆ, ಬಾಗಿಲಲ್ಲಿ ನಿಂತು ಒಳಗೆ ಇಣುಕಿ, ಹೆಂಗಸೊಬ್ಬಳನ್ನು ಕಂಡು, “ಯಜಮಾನ್ರು ಇಲ್ವಾ?” ಎಂದು ಕೇಳುತ್ತಾರೆ. ನಾನು ಉಳಿ ಕೆಳಗಿಡದೆಯೇ “ನಾನೇ. ಎಂತ ಆಗ್ಬೇಕಿತ್ತು?” ಎನ್ನುತ್ತೇನೆ. ಅಂಗಡಿ ತೆರೆದಾಗಿನಿಂದ ಇದೇ ಪ್ರಶ್ನೆ, ಇದೇ ಉತ್ತರ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಅವರ ಮುಖದ ಪೇಚಾಟ ನೋಡುವುದೇ ಒಂದು ಮಜ.

ನಾನು ಹುಟ್ಟಿದ್ದು ಸಿರಿಮನೆಯಲ್ಲಿ. ಅಪ್ಪ ಬಡಗಿ. ಕಿಗ್ಗ, ಶೃಂಗೇರಿ ಕಡೆಯ ಮನೆಗಳಿಗೆ ಬಾಗಿಲು, ಮಂಚ, ತೊಟ್ಟಿಲು ಮಾಡಿಕೊಡುತ್ತಿದ್ದರು. ನಾನು ಹಟ ಹಿಡಿದು ಮೈಸೂರಿಗೆ ಹೋಗಿ, ಬೀಟೆ ಮರದ ಹಲಗೆಯಲ್ಲಿ ಬೇರೆ ಬೇರೆ ಬಣ್ಣದ ಮರದ ಚೂರು ಕೂರಿಸಿ ಚಿತ್ರ ಮಾಡುವ ಕುಸುರಿಯನ್ನು ಆರು ವರ್ಷ ಕಲಿತೆ. ವಾಪಸ್ ಬಂದಾಗ ಕೊಪ್ಪದಲ್ಲಿ ಯಾರಿಗೂ ಮರದ ಆನೆ, ನವಿಲು ಬೇಕಿರಲಿಲ್ಲ. ಟೀವಿ ಸ್ಟ್ಯಾಂಡ್ ಬೇಕಿತ್ತು. ಮಾಡಿಕೊಟ್ಟೆ. ಆದರೆ ಕಲಿತದ್ದನ್ನು ಕೈ ಮರೆಯಲಿಲ್ಲ. ಈಗಲೂ ಕಣ್ಣು ಮುಚ್ಚಿ ಮರ ಮುಟ್ಟಿ, ಮೂಸಿ, ಅದರ ಜಾತಿ ಹೇಳುತ್ತೇನೆ. ಶೃಂಗೇರಿಯಿಂದ ನರಸಿಂಹರಾಜಪುರದವರೆಗೆ ನನ್ನಷ್ಟು ಮರ ಬಲ್ಲವರು ಇಲ್ಲ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ. ನಾಚಿಕೆ ಪಡಬೇಕಾದದ್ದು ನನ್ನ ಬಾಯಿಯ ಬಗ್ಗೆ. ಅದು ಕೈಗಿಂತ ಒಂದು ಹೆಜ್ಜೆ ಮುಂದೆ ಓಡುತ್ತದೆ.

ಕೆಲವು ವರ್ಷಗಳ ಹಿಂದೆ ನರಸಿಂಹರಾಜಪುರದ ಹತ್ತಿರದ ಒಂದು ದೊಡ್ಡ ಮನೆಯವರು ನನ್ನನ್ನು ಕರೆಸಿದರು. ಮನೆಯ ಯಜಮಾನರು ವಕೀಲರು. ಹಿಂದಿನವರು ಕೂಡಿಟ್ಟಿದ್ದ ಹಳೆಯ ಸಾಮಾನುಗಳನ್ನೆಲ್ಲ ಮಹಡಿಯ ಮೂರು ಕೋಣೆಗಳಲ್ಲಿ ಜೋಡಿಸಿ, ಬೇಕಾದವರು ಬಂದು ನೋಡುವಂತೆ ಮಾಡಬೇಕೆಂಬುದು ಅವರ ಆಸೆ. ಪಲ್ಲಕ್ಕಿ, ಗಡಿಯಾರ, ತೂಗುಯ್ಯಾಲೆ, ತಾಳೆಗರಿಯ ಕಟ್ಟು ಎಲ್ಲ ಇದ್ದವು. ಅವುಗಳ ನಡುವೆ ಎರಡು ವಸ್ತುಗಳು ಮಾತ್ರ ನಮ್ಮ ಕಡೆಯವಲ್ಲ. ಒಂದು ಬರೆಯುವ ಮೇಜು. ಮನೆಯವರು ಅದನ್ನು ‘ದೊರೆ ಮೇಜು’ ಎನ್ನುತ್ತಿದ್ದರು. ಇನ್ನೊಂದು ಗೋಡೆಯ ಮೂಲೆಗೆ ಕೂರುವ ಚಿಕ್ಕ ಬೀರು. ಕಾಫಿ ತೋಟ ಮಾರಿ ಊರಿಗೆ ಹೊರಟ ಬಿಳಿಯ ದೊರೆಯೊಬ್ಬನಿಂದ ವಕೀಲರ ಮುತ್ತಜ್ಜ ಎರಡನ್ನೂ ಕೊಂಡು ಗಾಡಿಯಲ್ಲಿ ತಂದಿದ್ದರಂತೆ. ತಿಳಿದವರಿಗೆ ಫೋಟೋ ಕಳಿಸಿ ಕೇಳಿದಾಗ, ಎರಡೂ ಫ್ರಾನ್ಸ್ ದೇಶದವು, ತುಂಬ ಹಳೆಯವು, ಮಾರ್ಕೆಟ್ರಿ ಎಂಬ ಕೆಲಸ ಎಂದು ಉತ್ತರ ಬಂದಿತ್ತು.

ಮಾರ್ಕೆಟ್ರಿ ನಮ್ಮ ಮೈಸೂರು ಕುಸುರಿಯ ದೂರದ ನೆಂಟ. ನಾವು ದಪ್ಪ ಹಲಗೆಯಲ್ಲಿ ಗುಳಿ ತೋಡಿ ಚೂರು ಕೂರಿಸುತ್ತೇವೆ. ಅವರು ಹಪ್ಪಳಕ್ಕಿಂತ ತೆಳುವಾದ ಮರದ ಹಾಳೆಗಳಲ್ಲಿ ಹೂವು, ಎಲೆ, ಬಳ್ಳಿ ಕತ್ತರಿಸಿ, ಕೆಲವಕ್ಕೆ ಬಣ್ಣ ಕುಡಿಸಿ, ಇಡೀ ಮೇಜಿನ ಮೈಮೇಲೆ ಒಂದಕ್ಕೊಂದು ಹೊಂದಿಸಿ ಸರೇಸಿನಿಂದ ಅಂಟಿಸುತ್ತಾರೆ. ಸರೇಸು ಎಂದರೆ ಪ್ರಾಣಿಗಳ ಚರ್ಮ ಕುದಿಸಿ ತೆಗೆದ ಅಂಟು. ಈ ಸಂಗತಿಯನ್ನು ಆ ಮನೆಯಲ್ಲಿ ನಾನು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ.

ಮೊದಲ ದಿನ ಮನೆಯವರು ಆರೇಳು ಜನ ನನ್ನ ಸುತ್ತ ನಿಂತಿದ್ದರು. ಮೂಲೆ ಬೀರು ವಕೀಲರ ಅಜ್ಜನ ಆಫೀಸು ಕೋಣೆಯಲ್ಲಿ, ಕಿಟಕಿಯ ಪಕ್ಕ ಇತ್ತು. ಹೆಂಗಸರು ಹೋಗದ ಕೋಣೆ. ಬೀರಿನ ಮೈಮೇಲೆ ಹೂಬಳ್ಳಿ ಚೆನ್ನಾಗಿ ಕಾಣುತ್ತಿತ್ತು, ತಿಳಿ ಕಂದು ಬಣ್ಣದಲ್ಲಿ. ಆಮೇಲೆ ನಡುಮನೆಯಲ್ಲಿದ್ದ ಮೇಜಿನ ಹತ್ತಿರ ಬಂದೆವು. ಅದರ ಮೇಲೆ ಎಂಥದೂ ಕಾಣಲಿಲ್ಲ. ಅಂಚಿನ ಹಿತ್ತಾಳೆಯ ಬಳ್ಳಿಯೊಂದು ಬಿಟ್ಟರೆ ಹಲಗೆ, ಖಾನೆ, ಕಾಲು ಎಲ್ಲ ಒಂದೇ ಸಮ ಕಪ್ಪಿಗೆ ತಿರುಗಿದ ಕೆಂಪು. ಉಗುರಿನಿಂದ ಕೆರೆದು ಮೂಸಿದೆ. ಚೊಗರು. ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಆ ಗಟ್ಟಿ ಕೆಂಪು ರಸವನ್ನು ಈ ಕಡೆ ಅಡಿಕೆಗೆ ಬಣ್ಣ ಬರಲೆಂದು ಹಾಕುತ್ತಾರೆ. ಮೇಜಿಗೆ ಹಾಕಿದ್ದು ನಾನು ಕಂಡಿರಲಿಲ್ಲ.

“ಯಾರೋ ಬುದ್ಧಿ ಇಲ್ದೋರು ವರ್ಷಾ ವರ್ಷ ಚೊಗರು ಬಳ್ದು ಹಾಳ್ ಮಾಡಿದಾರೆ ಮಾರಾಯ್ರೇ” ಎಂದೆ. “ಆ ಬೀರು ನೋಡಿ ಹೆಂಗಿದೆ. ಗಂಡಸ್ರು ಇಟ್ಕೊಂಡಿದ್ದು ಉಳೀತು, ಇದು ಹೋಯ್ತು.”

ಗಂಡಸರ ಕೆಲಸ, ಹೆಂಗಸರ ಕೆಲಸ ಎನ್ನುವವರ ಮೇಲೆ ಅಂಗಡಿ ಬಾಗಿಲಲ್ಲೇ ಹರಿಹಾಯುವ ನನ್ನ ಬಾಯಿಂದ ಈ ಮಾತು ಬಂತು. ಹಿಂದೆ ತಿರುಗಿದರೆ ಕಾಫಿ ತಟ್ಟೆ ಹಿಡಿದು ಒಬ್ಬರು ಅಮ್ಮ ನಿಂತಿದ್ದರು. ವಕೀಲರ ದೊಡ್ಡಮ್ಮ, ಮನೆಗೆ ಹಿರಿಯರು. ಹದಿನೆಂಟಕ್ಕೆ ಸೊಸೆಯಾಗಿ ಬಂದ ವರ್ಷದಿಂದ, ದೀಪಾವಳಿಗೆ ಮುಂಚೆ ಮೊದಲ ಹಂಡೆಯ ಚೊಗರು ತೆಗೆದಿಟ್ಟು, ಬಟ್ಟೆ ಅದ್ದಿ, ಮನೆಯ ಬಾಗಿಲು, ಕಂಬ, ತೊಟ್ಟಿಲು, ಈ ಮೇಜು ಎಲ್ಲವನ್ನೂ ಒರೆಸುತ್ತಿದ್ದವರು ಅವರೇ. ಅತ್ತೆ ಹೇಳಿಕೊಟ್ಟ ಕ್ರಮ. ಅವರು ಕಾಫಿ ತಟ್ಟೆಯನ್ನು ಮೇಜಿನ ಮೇಲಿಡಲು ಬಗ್ಗಿದವರು, ಇಡದೆ, ಕಿಟಕಿಯ ದಂಡೆಯ ಮೇಲಿಟ್ಟು ಒಳಗೆ ಹೋದರು.

ನಾನು ಮಾತು ವಾಪಸ್ ತಗೊಳ್ಳಲಿಲ್ಲ. ನಿಜ ಹೇಳಿದ್ದೇನೆ, ನಿಜ ಕಹಿಯಾದರೆ ನಾನೇನು ಮಾಡಲಿ ಎಂದುಕೊಂಡೆ. ಕಾಫಿಯನ್ನೂ ಕುಡಿದೆ.

ಮೇಜನ್ನು ಮಹಡಿಗೆ ಸಾಗಿಸಿದರು. ಚೊಗರು ಬಿಡಿಸಿ ಒಳಗೆ ಏನು ಉಳಿದಿದೆ ನೋಡುವ ಕೆಲಸ ನನಗೆ ಬಂತು. ಒಂದು ವಾರ ಬಿಟ್ಟು ಸಾಮಾನು ಹಿಡಿದು ಹೋದಾಗ ವಕೀಲರು ಒಂದು ಕಾಗದ ತೋರಿಸಿದರು. ಪ್ರತಿ ವಸ್ತುವಿನ ಪಕ್ಕ ನಿಲ್ಲಿಸುವ ಬೋರ್ಡಿಗೆ ಬರೆದ ಮಾತುಗಳು. ಮೇಜಿನದು ಹೀಗಿತ್ತು: ‘ಫ್ರೆಂಚ್ ಬರವಣಿಗೆ ಮೇಜು. ಮನೆಯವರ ತಿಳಿವಳಿಕೆ ಸಾಲದೆ ಚೊಗರು ಬಳಿದು ಇದರ ಚಿತ್ತಾರ ನಾಶವಾಗಿದೆ.’ ನನ್ನ ಮಾತೇ, ಸ್ವಲ್ಪ ತೊಳೆದು ಇಸ್ತ್ರಿ ಮಾಡಿದ್ದು. “ನೀವು ಹೇಳಿದ್ದನ್ನೇ ಹಾಕಿದೀನಿ” ಎಂದರು ವಕೀಲರು. ಬಂದವರು ಪಾಠ ಕಲಿಯಲಿ ಎಂಬ ಉದ್ದೇಶವಂತೆ. ಮಹಡಿ ಕೋಣೆಗಳ ಬೀಗದ ಕೈಯನ್ನೂ ದೊಡ್ಡಮ್ಮನ ಸೊಂಟದ ಗೊಂಚಲಿನಿಂದ ಬಿಡಿಸಿ ತಾವೇ ಇಟ್ಟುಕೊಂಡಿದ್ದರು. ಆ ಸಲದ ದೀಪಾವಳಿಗೆ ಆ ಮನೆಯ ಒಂದು ಬಾಗಿಲಿಗೂ ಚೊಗರು ಬೀಳಲಿಲ್ಲ ಎಂದು ಅಡುಗೆಯವಳು ಪಿಸುಗುಟ್ಟಿದಳು. ಆ ಅಮ್ಮ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಕಾಫಿ ಬರುತ್ತಿತ್ತು, ಬೇರೆಯವರ ಕೈಯಲ್ಲಿ.

ಚೊಗರು ಬಿಡಿಸುವುದು ಸುಲಭವಲ್ಲ. ನೀರು ಹಾಕಿದರೆ ಸರೇಸು ಸಡಿಲವಾಗಿ ಹಾಳೆ ಏಳುತ್ತದೆ. ಸ್ಪಿರಿಟ್ ಹಾಕಿದರೆ ಕೆಳಗಿನ ಹಳೆಯ ಮೆರುಗೂ ಜೊತೆಗೇ ಹೋಗುತ್ತದೆ. ಮೈಸೂರಿನಲ್ಲಿ ನನ್ನ ಗುರುಗಳು ಇಂಥ ಕೆಲಸಕ್ಕೆ ಬಳಸುತ್ತಿದ್ದದ್ದು ಒಂದೇ, ಎಂಜಲು. ಹತ್ತಿಯ ಸಣ್ಣ ಬತ್ತಿ ಮಾಡಿ, ನಾಲಗೆಗೆ ಮುಟ್ಟಿಸಿ, ಉಗುರಗಲದ ಜಾಗದಲ್ಲಿ ಮೆಲ್ಲಗೆ ಹೊರಳಿಸಬೇಕು. ಬಣ್ಣ ಹತ್ತಿದ ಬತ್ತಿ ಎಸೆದು ಹೊಸದು ತಗೊಳ್ಳಬೇಕು. ಬಾಯಿಯ ಹದ ಬೇರೆ ಯಾವ ಬಾಟಲಿಯಲ್ಲೂ ಸಿಗುವುದಿಲ್ಲ. ನಾನು ಅದನ್ನೇ ಶುರು ಮಾಡಿದೆ.

ಎರಡನೆಯ ದಿನ ಬಾಗಿಲಲ್ಲಿ ನೆರಳು ಕಂಡಿತು. ದೊಡ್ಡಮ್ಮ. ಮಡಿ ಸೀರೆ, ಕೈಯಲ್ಲಿ ಹೂವಿನ ಬುಟ್ಟಿ. ನವರಾತ್ರಿಯಲ್ಲಿ ಪುಸ್ತಕ ಪೇರಿಸಿ ಶಾರದೆಯನ್ನು ಕೂರಿಸುತ್ತಿದ್ದದ್ದು ಇದೇ ಮೇಜಿನ ಮೇಲೆ ಎಂದು ನನಗೆ ಆಗ ಗೊತ್ತಿರಲಿಲ್ಲ.

“ಶಾರದೆ ಕೂರೋ ಮೇಜಿಗೆ ಎಂಜ್ಲು ಹಚ್ತಿದೀಯ?”

“ಇದಕ್ಕೆ ಇದೇ ಔಷಧಿ, ಅಮ್ಮ.”

“ಹೌದನಾ? ನಾನು ಹಚ್ಚಿದ್ದು ಹಾಳು. ನೀನು ಹಚ್ಚೋದು ಔಷಧಿ.”

ಅಷ್ಟು ಹೇಳಿ ಹೊರಟೇ ಹೋದರು. ನಾನು ಬಾಯಲ್ಲಿದ್ದ ಬತ್ತಿ ತೆಗೆದು ಮತ್ತೆ ಮೇಜಿಗೆ ಬಗ್ಗಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಎಡಗಡೆಯ ಖಾನೆಯ ಮೂಲೆಯಲ್ಲಿ ಹಸಿರು ಕಂಡಿತು. ಹೆಬ್ಬೆರಳಿನ ಉಗುರಿನಷ್ಟು. ಮೊದಲು ಯಾರೋ ಪೇಂಟು ತಾಗಿಸಿದ್ದಾರೆ ಅಂದುಕೊಂಡೆ. ಭೂತಕನ್ನಡಿ ಹಿಡಿದರೆ, ಹಸಿರಿನ ಒಳಗೇ ಮರದ ಎಳೆ ಓಡುತ್ತಿತ್ತು. ಪೇಂಟಲ್ಲ, ಮರವೇ ಹಸಿರು. ಎಲೆ. ಮಧ್ಯಾಹ್ನದ ಹೊತ್ತಿಗೆ ಎಲೆಯ ಪಕ್ಕದಲ್ಲಿ ಹಳದಿ ಹೂವಿನ ಒಂದು ಎಸಳು, ಅದರ ಅಂಚಿಗೆ ಬಿಸಿ ಮರಳಿನಲ್ಲಿ ಸುಟ್ಟು ತಂದ ನೆರಳು. ಇಷ್ಟು ವರ್ಷ ಮರದ ಜೊತೆ ಬದುಕಿದ್ದೇನೆ, ಅಂಥ ಹಸಿರು ಕಂಡಿರಲಿಲ್ಲ. ನನಗೆ ಅಳು ಬಂತು ಎಂದು ಹೇಳಿದರೆ ಸುಳ್ಳು. ಸಂತೋಷಕ್ಕೆ ಒಬ್ಬಳೇ ಜೋರಾಗಿ ನಕ್ಕೆ.

ಆಮೇಲೆ ಕೆಳಗೆ ಆಫೀಸು ಕೋಣೆಗೆ ಹೋಗಿ ಮೂಲೆ ಬೀರಿನ ಮುಂದೆ ಕೂತೆ. ಅದೇ ಹೂವು, ಅದೇ ಎಲೆ, ಅದೇ ಗರಗಸದ ತಿರುವು, ಒಬ್ಬನೇ ಕತ್ತರಿಸಿದ್ದು. ಆದರೆ ಇಲ್ಲಿ ಎಲೆಯೂ ಹೂವೂ ಎಲ್ಲ ಒಂದೇ ಚಹಾ ಬಣ್ಣ. ಕಿಟಕಿಯ ಬಿಸಿಲು ದಿನ ದಿನ ಒಂದಿಷ್ಟು ತಿಂದು ಮುಗಿಸಿತ್ತು. ಬೆನ್ನ ಕಡೆ ಬೆರಳಾಡಿಸಿದರೆ ಹುಳುವಿನ ತೂತುಗಳು, ಹಿಟ್ಟು ಉದುರಿತು. ಮೇಜಿನಲ್ಲಿ ಒಂದು ತೂತೂ ಇರಲಿಲ್ಲ. ಚೊಗರಿನ ಒಗರಿಗೆ ಹುಳು ಬಾಯಿ ಹಾಕಿರಲಿಲ್ಲ, ಚೊಗರಿನ ಕತ್ತಲೆಯಲ್ಲಿ ಬಣ್ಣ ನಿದ್ದೆ ಮಾಡಿಕೊಂಡಿತ್ತು. ಗಂಡಸರು ಜೋಪಾನ ಮಾಡಿದ್ದೇ ಹೋಗಿತ್ತು. ಬುದ್ಧಿ ಇಲ್ಲದವರು ಹಾಳು ಮಾಡಿದ್ದು ಉಳಿದಿತ್ತು.

ಒಂದು ಮಾತು ಒಪ್ಪಿಕೊಳ್ಳಬೇಕು. ಆವತ್ತು ಅರ್ಧ ದಿನ ನಾನು ಸುಮ್ಮನಿದ್ದೆ. ಸುಮ್ಮನಿದ್ದರೆ, ಹಾಳಾಗಿದ್ದ ಮೇಜನ್ನು ಕೊಪ್ಪದ ಹೆಂಗಸೊಬ್ಬಳು ಸರಿ ಮಾಡಿದಳು ಎಂದಾಗುತ್ತದೆ. ಬಾಯಿ ಬಿಟ್ಟರೆ, ಹಾಳೇ ಆಗಿರಲಿಲ್ಲ, ಅವಳಿಗೆ ಗೊತ್ತಾಗಲಿಲ್ಲ ಎಂದಾಗುತ್ತದೆ. ಮೊದಲನೆಯದು ನನ್ನ ಅಂಗಡಿಗೆ ಒಳ್ಳೆಯದು. ಎರಡನೆಯದು ನಿಜ. ಸಂಜೆ ಬಸ್ಸಿಗೆ ಹೋಗುವ ಮೊದಲು ದೊಡ್ಡಮ್ಮನನ್ನು ಹುಡುಕಿಕೊಂಡು ಹಿಂದಿನ ಜಗಲಿಗೆ ಹೋದೆ. ದೇವರ ದೀಪಕ್ಕೆ ಹತ್ತಿಬತ್ತಿ ಹೊಸೆಯುತ್ತಿದ್ದರು.

“ಅಮ್ಮ, ಅವತ್ತು ನಾನು ಹೇಳಿದ್ದು ತಪ್ಪು” ಎಂದೆ. ಹಸಿರು ಎಲೆಯ ಕತೆಯನ್ನೂ ಬೀರಿನ ಕತೆಯನ್ನೂ ಹೇಳಿದೆ. ಅವರ ಕೈ ನಿಲ್ಲಲಿಲ್ಲ. ನಾನು ಮುಗಿಸಿದ ಮೇಲೆ ಒಂದು ಬತ್ತಿ ಹೊಸೆದು ತಟ್ಟೆಗೆ ಹಾಕಿ, ತಲೆ ಎತ್ತಿದರು.

“ತಪ್ಪು ಹೇಳಿದ್ದು ಎಲ್ರ ಎದುರು. ಸರಿ ಹೇಳೋದು ನನ್ನೊಬ್ಳ ಎದುರು ಎಂತಕ್ಕೆ?”

ಬಸ್ಸಿನಲ್ಲಿ ಇಡೀ ದಾರಿ ಆ ಮಾತೇ ತಲೆಯಲ್ಲಿ ಸುತ್ತಿತು. ನನಗೆ ಅವರ ಮೇಲೆ ಸಿಟ್ಟು ಬಂತು, ಏಕೆಂದರೆ ಅವರು ಹೇಳಿದ್ದು ಸರಿಯಾಗಿತ್ತು. ಮರುದಿನ ವಕೀಲರಿಗೆ ಫೋನ್ ಮಾಡಿ, ಮೊದಲ ದಿನ ಯಾರ್ಯಾರು ಇದ್ದರೋ ಅವರೆಲ್ಲ ಭಾನುವಾರ ಮನೆಯಲ್ಲಿರಲಿ ಎಂದೆ. “ಎಂತ ವಿಶೇಷ?” ಎಂದು ಕೇಳಿದರು. “ಬನ್ನಿ, ಹೇಳ್ತೀನಿ” ಎಂದೆ.

ಭಾನುವಾರ ಮೂಲೆ ಬೀರನ್ನು ಹೊರಿಸಿ ಮೇಲೆ ತಂದು ಮೇಜಿನ ಪಕ್ಕದಲ್ಲಿ ಇಡಿಸಿದೆ. ಅಷ್ಟರಲ್ಲಿ ಅಂಗೈ ಅಗಲದ ಜಾಗ ತೆರೆದಿತ್ತು. ಒಂದು ಕಡೆ ಚಹಾ ಬಣ್ಣದ ಹೂವು, ಇನ್ನೊಂದು ಕಡೆ ಹಸಿರು ಎಲೆ, ಹಳದಿ ಹೂವು, ತಿಳಿಗೆಂಪಿನ ಮೊಗ್ಗು. ದೊಡ್ಡಮ್ಮ ಬಾಗಿಲ ಹತ್ತಿರವೇ ನಿಂತರು, ಒಳಗೆ ಬರಲಿಲ್ಲ.

“ಅವತ್ತು ಇಲ್ಲೇ ನಿಮ್ಮೆಲ್ಲರ ಎದುರು, ಬುದ್ಧಿ ಇಲ್ದೋರು ಹಾಳ್ ಮಾಡಿದಾರೆ ಅಂದೆ” ಎಂದು ಶುರು ಮಾಡಿದೆ. “ಬುದ್ಧಿ ಇಲ್ದೋಳು ನಾನು. ಚೊಗರು ಹಾಕದೇ ಇದ್ದಿದ್ರೆ ಈ ಮೇಜು ಆ ಬೀರಿನಂಗೆ ಆಗಿರ್ತಿತ್ತು. ಉಳಿಸಿದ್ದು ಅಮ್ಮ.”

ವಕೀಲರು ವಕೀಲರೇ. ಸುಮ್ಮನೆ ಒಪ್ಪಲಿಲ್ಲ. ಚೊಗರು ಮರಕ್ಕೆ ಇಳಿದಿಲ್ಲ ಎನ್ನುವುದಕ್ಕೆ ಏನು ಸಾಕ್ಷಿ ಎಂದರು. ಕೆಳಗೆ ಹಳೆಯ ಮೇಣದ ಮೆರುಗು ಇದೆ, ಚೊಗರು ಅದರ ಮೇಲೆ ಕೂತಿದೆ ಎಂದು ಬತ್ತಿ ಹೊರಳಿಸಿ ತೋರಿಸಿದೆ. ಹಾಗಾದರೆ ಅಂಚಿನ ಹಿತ್ತಾಳೆಯ ಬಳ್ಳಿಗೂ ಏನೂ ಆಗಿಲ್ಲವೋ ಎಂದರು. ಅಲ್ಲಿ ಸುಳ್ಳು ಹೇಳಲು ನನಗೆ ಆಗಲಿಲ್ಲ. ವರ್ಷಾ ವರ್ಷ ಹುಣಸೆಹಣ್ಣು ಹಾಕಿ ತಿಕ್ಕಿ ಹಿತ್ತಾಳೆಯ ಮೇಲಿದ್ದ ಚಿನ್ನದ ಲೇಪ ಪೂರ್ತಿ ಹೋಗಿತ್ತು. “ಅದು ಹಾಳೇ” ಎಂದೆ.

“ಅದು ಹೌದು. ಅದು ನಾನೇ” ಎಂದರು ಬಾಗಿಲಿನಿಂದ ದೊಡ್ಡಮ್ಮ. “ಫಳಫಳ ಅಂತಿತ್ತು ಮಾತ್ರ.”

ಎಲ್ಲರೂ ನಕ್ಕರು. ಅವರೂ ನಕ್ಕರು. ಒಳಗೆ ಬಂದು ಮೇಜಿನ ಮುಂದೆ ಬಗ್ಗಿ ಆ ಎಲೆಯನ್ನು ತುಂಬ ಹೊತ್ತು ನೋಡಿದರು. “ಇದು ಇಲ್ಲೇ ಇತ್ತಾ ಅಷ್ಟು ವರ್ಷ” ಎಂದರು, ಯಾರಿಗೂ ಅಲ್ಲ. ವಕೀಲರು ಜೇಬಿನಿಂದ ಬೀಗದ ಕೈ ತೆಗೆದು ಅವರ ಕೈಯಲ್ಲಿಟ್ಟರು. ಬೋರ್ಡಿಗೆ ಈಗ ಏನು ಬರೆಸಲಿ ಎಂದು ನನ್ನ ಕಡೆ ನೋಡಿದರು. ನಾನು ಬಾಯಿ ಬಿಡುವ ಮೊದಲೇ ದೊಡ್ಡಮ್ಮ, “ಬೋರ್ಡ್ ಎಂತಕ್ಕೆ? ನಾನಿಲ್ವಾ ಹೇಳೋಕೆ?” ಎಂದರು.

ಸೋಮವಾರ ಬೆಳಿಗ್ಗೆ ಮಹಡಿಗೆ ಹೋದರೆ ಸ್ಟೂಲಿನ ಮೇಲೆ ಒಂದು ಬಾಳೆಲೆ, ಅದರ ತುಂಬ ಹತ್ತಿಬತ್ತಿ. ನಾನು ಮಾಡಿಕೊಳ್ಳುತ್ತಿದ್ದ ದಪ್ಪ ಉಂಡೆಗಳ ಹಾಗಲ್ಲ. ಒಂದೊಂದೂ ಒಂದೇ ಅಳತೆ, ತುದಿ ಸಣ್ಣ, ನಡು ಗಟ್ಟಿ. ಎಲೆಯ ಸಂದಿಗೆ, ಬಳ್ಳಿಯ ತಿರುವಿಗೆ ಸರಿಯಾಗಿ ಇಳಿಯುತ್ತಿದ್ದವು. ಗುರುಗಳ ಕೈಯಲ್ಲೂ ಅಂಥ ಬತ್ತಿ ನೋಡಿರಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಹೊಸ ಬಾಳೆಲೆ. ಕೆಲಸ ಮಳೆಗಾಲ ಹಿಡಿಯುವವರೆಗೂ ಎಳೆಯಿತು. ದಿನಕ್ಕೆ ಆರು ತಾಸು ಹಾಗೆ ಕೂತರೆ ಬಾಯಿ ಒಣಗಿ ಹೋಗುತ್ತದೆ. ಅದಕ್ಕೂ ಅವರೇ ದಾರಿ ಹುಡುಕಿದರು. ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿ ತಂದು ಮುಚ್ಚಳ ತೆಗೆದು ಕಿಟಕಿಯ ದಂಡೆಯ ಮೇಲಿಟ್ಟರು. “ತಿನ್ಬೇಡ. ವಾಸ್ನೆ ಸಾಕು” ಎಂದರು. ಸಾಕಾಯಿತು.

ಅವರು ಎಂಜಲಿನ ವಿಷಯಕ್ಕೆ ಮಾತ್ರ ಸೋಲಲಿಲ್ಲ. ಬತ್ತಿ ಹೊಸೆದು ಕೊಡುತ್ತಿದ್ದರು, ನಾಲ್ಕು ಅಡಿ ದೂರ ಕೂರುತ್ತಿದ್ದರು. ಬಳಸಿದ ಬತ್ತಿ ಹಾರಿ ಸೀರೆಗೆ ತಾಗಿದರೆ ಎದ್ದು ಸ್ನಾನಕ್ಕೆ ಹೋಗುತ್ತಿದ್ದರು. ನಾನು ಬೇಕೆಂದೇ ಒಂದೆರಡು ಸಲ ಹಾರಿಸಿದ್ದುಂಟು. “ನಿಂಗೆ ವಯಸ್ಸಾಗಿದ್ದು ಎಲ್ಲಿ ಮಾರಾಯ್ತಿ” ಎಂದು ಬೈಯುತ್ತಿದ್ದರು.

ಬಣ್ಣವನ್ನು ಉಳಿಸುವುದು ಹೇಗೆ ಎನ್ನುವುದೂ ಅವರದೇ ತೀರ್ಮಾನ. ತೆರೆದಿಟ್ಟರೆ ಬೀರಿನ ಗತಿಯೇ ಇದಕ್ಕೂ ಆಗುತ್ತದೆ, ಬೆಳಕು ಬಿಡುವುದಿಲ್ಲ ಎಂದು ನಾನು ಹೇಳಿದ್ದೆ. ವಕೀಲರು ಗಾಜಿನ ಪೆಟ್ಟಿಗೆ, ವಿಶೇಷ ಬಲ್ಬು ಎಂದೆಲ್ಲ ಫೋನಿನಲ್ಲಿ ಹುಡುಕುತ್ತಿದ್ದರು. ದೊಡ್ಡಮ್ಮ ತಮ್ಮ ಪೆಟ್ಟಿಗೆಯಿಂದ ದಪ್ಪ ಕಪ್ಪು ಕಂಬಳಿ ತೆಗೆದು ತಂದರು. ಮುಚ್ಚಿಡುವುದು, ಬಂದವರಿಗೆ ತೆಗೆದು ತೋರಿಸುವುದು, ನೋಡಿ ಆದ ಮೇಲೆ ಮತ್ತೆ ಮುಚ್ಚುವುದು. ತೆಗೆಯುವ ಕೈ ಯಾರದ್ದು ಎಂದು ಯಾರೂ ಕೇಳಲಿಲ್ಲ.

ಕೋಣೆಗಳನ್ನು ತೆರೆಯುವುದಕ್ಕೆ ಎರಡು ದಿನ ಇತ್ತು. ಮೇಜಿನ ಬಲಗಡೆಯ ಕಾಲಿನ ಮೇಲ್ಭಾಗದಲ್ಲಿ ಒಂದು ಎಲೆ ಮಾತ್ರ ಉಳಿದಿತ್ತು. ನಾನು ಬತ್ತಿಗೆ ಕೈ ಚಾಚಿದೆ. ಬಾಳೆಲೆ ಖಾಲಿ. ಕೊನೆಯ ಬತ್ತಿ ದೊಡ್ಡಮ್ಮನ ಬೆರಳುಗಳ ನಡುವೆ ಇತ್ತು. ಕೊಡುತ್ತಾರೆ ಎಂದು ಕೈ ಚಾಚಿಯೇ ಕೂತೆ. ಕೊಡಲಿಲ್ಲ. ಸ್ಟೂಲು ಎಳೆದುಕೊಂಡು ಮೇಜಿನ ಹತ್ತಿರ ಬಂದು ಕೂತರು.

“ಈ ಕಾಲಿಗೆ ಮೊದ್ಲ ವರ್ಷ ಹಚ್ಚೋಕೆ ಬರ್ದೆ ಕೆಳಗೆಲ್ಲ ಚೆಲ್ಲಿದ್ದೆ” ಎಂದರು. “ಅತ್ತೆ ಬೈದಿದ್ರು.”

ಬತ್ತಿಯ ತುದಿಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ಬಾಯಿ ತೆರೆದು ನಾಲಗೆಗೆ ಮುಟ್ಟಿಸಿದರು.

ನನ್ನನ್ನು ಅಷ್ಟು ದಿನ ನೋಡಿ ನೋಡಿ ಕಲಿತಿದ್ದರು. ಒತ್ತದೆ, ಉಜ್ಜದೆ, ಮೆಲ್ಲಗೆ ಹೊರಳಿಸಿದರು. ಬತ್ತಿಗೆ ಕೆಂಪು ಹತ್ತಿತು, ಮರದಲ್ಲಿ ಒಂದು ಗೆರೆ ಹಸಿರು ಬಂತು. ಅವರು ಬತ್ತಿಯನ್ನು ಎತ್ತಿ ಬೆಳಕಿಗೆ ಹಿಡಿದು ತಮ್ಮ ಚೊಗರಿನ ಬಣ್ಣವನ್ನು ನೋಡಿದರು. ಈ ಸಲ ನನಗೆ ಅಳು ಬರಲಿಲ್ಲ ಎಂದು ಹೇಳಿದರೆ ಸುಳ್ಳು.

ಎದ್ದು ಬಚ್ಚಲಿಗೆ ಹೋದರು. ಬಾಯಿ ಮುಕ್ಕಳಿಸುವ ಸದ್ದು ಕೇಳಿಸಿತು. ಇನ್ನು ಮಡಿಗೆ ಸ್ನಾನ ಮಾಡಿ ಬರಲು ಅರ್ಧ ತಾಸು ಎಂದುಕೊಂಡು ನಾನು ಹತ್ತಿ ಹುಡುಕತೊಡಗಿದೆ. ಅಷ್ಟರಲ್ಲೇ ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತ ವಾಪಸ್ ಬಂದು, ಸ್ಟೂಲಿನ ಮೇಲೆ ಕೂತು, ಮಡಿಲಲ್ಲಿ ಹತ್ತಿ ಇಟ್ಟುಕೊಂಡು ಇನ್ನೊಂದು ಬತ್ತಿ ಹೊಸೆಯತೊಡಗಿದರು.